ಗಾಯಕ್ಕೆ ಮದ್ದು, ಗಾಯಾಳುವಿಗೆ ನ್ಯಾಯ

ಹುಬ್ಬಳ್ಳಿಯಿಂದ ವಿಜಯಪುರದತ್ತ ಸಾಗುವ ಹೆದ್ದಾರಿಗೆ ಬಾದಾಮಿಯ ದಾರಿ ಬಂದು ಕೂಡುವ ಸ್ಥಳ ಕುಳಗೇರಿ ಕ್ರಾಸ್. ಬನಶಂಕರಿಗೆ, ಮಹಾಕೂಟಕ್ಕೆ, ಶಿವಯೋಗಮಂದಿರಕ್ಕೆ ಹೊರಟ ಭಕ್ತರು ಇಲ್ಲಿಯೇ ತಿರುಗುತ್ತಾರೆ. ಸಂತೆಗೆ ಹೋಗುವ ರೈತರು, ಶಾಲೆ ಕಾಲೇಜಿನ ಮಕ್ಕಳು, ಗುಳೇದಗುಡ್ಡದ ಕಣವನ್ನೂ ಇಳಕಲ್ಲಿನ ಸೀರೆಯನ್ನೂ ಮಾರಲು ಹೊರಟ ನೇಕಾರರು ಇದೇ ದಾರಿಯಲ್ಲಿ ಓಡಾಡುತ್ತಾರೆ. ಇವರಲ್ಲಿ ಬಹುಪಾಲು ಜನರ ವಾಹನ ಬೈಕು. ಹಿಂದೆ ಚಕ್ಕಡಿ ಹೇಗೆ ಮನೆತನದ ಆಧಾರವಾಗಿತ್ತೋ ಇಂದು ಬೈಕು ಹಾಗೆಯೇ ಆಗಿದೆ. ಆದರೆ ಚಕ್ಕಡಿಯಿಂದ ಬಿದ್ದವನು ಮೈ ಕೊಡವಿಕೊಂಡು ಏಳುತ್ತಿದ್ದ. ಬೈಕಿನಿಂದ ಬಿದ್ದವನ ಗತಿ ಹಾಗಲ್ಲ.

ಶರಣಧರ್ಮವು ಕಾಯವನ್ನು ತುಚ್ಛವೆಂದು ಕಡೆಗಣಿಸಲಿಲ್ಲ. ಕಾಯಕಕ್ಕೂ ದಾಸೋಹಕ್ಕೂ ಆಧಾರವಾದ ಅದನ್ನು ಪ್ರಸಾದಕಾಯವೆಂದು ಗೌರವಿಸಿತು. ಆದ್ದರಿಂದ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ರೋಗದ ಬದಲು ರಸ್ತೆಯ ಕುರಿತು ಬರೆಯುವುದು ಅಪ್ರಸ್ತುತವಾಗದೆಂದು ಭಾವಿಸಿದ್ದೇವೆ. ರಸ್ತೆಯ ಗಾಯವೂ ಆರೋಗ್ಯದ ವಿಷಯವೇ. ಅಷ್ಟೇ ಅಲ್ಲ, ಆ ಗಾಯಕ್ಕೆ ಸಿಗುವ ಅಥವಾ ಸಿಗದೆ ಹೋಗುವ ನ್ಯಾಯವೂ ಆರೋಗ್ಯದ ವಿಷಯವೇ ಎಂಬುದು ನಮ್ಮ ನಿಲುವು.

ನಮ್ಮ ಗಮನಕ್ಕೆ ಬಂದ ಒಂದು ಪ್ರಸಂಗವನ್ನು ಮೊದಲು ಹೇಳಬೇಕು. ಕಬ್ಬಿನ ಹಂಗಾಮಿನ ಒಂದು ರಾತ್ರಿ ನೇಕಾರ ಮನೆತನದ ತರುಣನೊಬ್ಬ ಊರಿಗೆ ಮರಳುತ್ತಿದ್ದ. ರಸ್ತೆಯ ಮೇಲೆಯೇ ಕಬ್ಬು ಹೇರಿದ ಟ್ರ್ಯಾಕ್ಟರ್ ಕೆಟ್ಟು ನಿಂತಿತ್ತು. ಅದರ ಟ್ರೈಲರಿಗೆ ದೀಪವೂ ಇರಲಿಲ್ಲ, ಹೊಳೆಯುವ ಪಟ್ಟಿಯೂ ಇರಲಿಲ್ಲ. ತರುಣನ ಬೈಕು ಹಿಂದಿನಿಂದ ಅಪ್ಪಳಿಸಿ ಮೊಣಕಾಲ ಕೆಳಗಿನ ಎಲುಬು ಮುರಿಯಿತು. ಮರುದಿನ ಹಿರಿಯರು ಕೂಡಿದರು. ‘ಒಂದೇ ಸೀಮೆಯವರು, ಕೋರ್ಟು ಕಚೇರಿ ಯಾಕೆ’ ಎಂದು ಬುದ್ಧಿ ಹೇಳಿ, ಟ್ರ್ಯಾಕ್ಟರಿನ ಮಾಲೀಕನಿಂದ ಇಪ್ಪತ್ತು ಸಾವಿರ ರೂಪಾಯಿ ಕೊಡಿಸಿ, ಪೊಲೀಸರಿಗೆ ತಿಳಿಸದೆ ರಾಜಿ ಮಾಡಿದರು. ಆಸ್ಪತ್ರೆಯಲ್ಲಿ ‘ತಾನೇ ಜಾರಿ ಬಿದ್ದ’ ಎಂದು ಬರೆಸಲಾಯಿತು. ಮುಂದೆ ಎಲುಬಿಗೆ ಕೂರಿಸಿದ ಪ್ಲೇಟಿಗೆ ಸೋಂಕು ತಗಲಿತು. ಎರಡನೆಯ ಶಸ್ತ್ರಚಿಕಿತ್ಸೆ ಆಯಿತು, ಸಾಲ ಬೆಳೆಯಿತು. ಇಂದು ಆ ತರುಣ ಕೋಲೂರಿ ನಡೆಯುತ್ತಾನೆ. ಮಗ್ಗದ ಕುಣಿಯಲ್ಲಿ ಕುಳಿತು ಹಲಗೆ ತುಳಿಯುವ ಶಕ್ತಿ ಆ ಕಾಲಿಗೆ ಉಳಿದಿಲ್ಲ. ಪರಿಹಾರ ಕೇಳೋಣವೆಂದರೆ ಕಾಗದದಲ್ಲಿ ಆತ ತಾನೇ ಬಿದ್ದವನು! ಆ ರಾಜಿಯ ಕೂಟದಲ್ಲಿ ನಮ್ಮ ಭಕ್ತರೂ ಇದ್ದರೆಂಬುದನ್ನು ಸಂಕೋಚದಿಂದಲೇ ಒಪ್ಪಿಕೊಳ್ಳುತ್ತೇವೆ.

ಇಂಥ ಕುಟುಂಬ ಎರಡು ಸಲ ಪೆಟ್ಟು ತಿನ್ನುತ್ತದೆ. ಮೊದಲ ಪೆಟ್ಟು ರಸ್ತೆಯದು, ಎರಡನೆಯದು ಅವಸರದ ರಾಜಿಯದು. ಎರಡನ್ನೂ ತಪ್ಪಿಸಲು ಸಾಧ್ಯವಿದೆ.

ಮೊದಲನೆಯದನ್ನು ನೋಡೋಣ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಅಸುನೀಗಿದವರು 1,68,491 ಜನ. ಅವರಲ್ಲಿ ಶೇ. 44.5ರಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿ ಸಾಗುತ್ತಿದ್ದವರು. ಅದೇ ವರ್ಷ ಹೆಲ್ಮೆಟ್ ಧರಿಸದೆ ಸತ್ತವರ ಸಂಖ್ಯೆ 50,029. ಇದರಲ್ಲಿ 14,337 ಜನ ಹಿಂದೆ ಕುಳಿತವರು. ಹೆಲ್ಮೆಟ್ ಧರಿಸಿದರೆ ಸಾವಿನ ಸಂಭವ ಸುಮಾರು ಶೇ. 42ರಷ್ಟು, ತಲೆಗೆ ಪೆಟ್ಟಾಗುವ ಸಂಭವ ಸುಮಾರು ಶೇ. 69ರಷ್ಟು ತಗ್ಗುತ್ತದೆಂದು ಅನೇಕ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವೈದ್ಯಕೀಯ ಸಮೀಕ್ಷೆ ತಿಳಿಸುತ್ತದೆ. ಇಷ್ಟು ಅಗ್ಗದ, ಇಷ್ಟು ಪರಿಣಾಮಕಾರಿಯಾದ ಔಷಧಿ ಬೇರೊಂದಿಲ್ಲ. ಆದರೂ ನಮ್ಮ ಕಡೆ ಅದು ಪೊಲೀಸರು ನಿಂತ ತಿರುವಿನಲ್ಲಿ ತಲೆಗೇರಿ, ತಿರುವು ದಾಟಿದೊಡನೆ ಕೈಗೆ ಇಳಿಯುತ್ತದೆ. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ನಾಲ್ಕು ವರ್ಷ ಮೀರಿದ ಸವಾರರು ಹೆಲ್ಮೆಟ್ ಧರಿಸಬೇಕೆನ್ನುತ್ತದೆ. ಕರ್ನಾಟಕದಲ್ಲಿ 2016ರಿಂದ ಹಿಂಬದಿ ಸವಾರರಿಗೂ ಅದನ್ನು ಕಡ್ಡಾಯವಾಗಿ ಜಾರಿಗೊಳಿಸಲಾಗಿದೆ. ಹೀಗಿದ್ದೂ ಗಂಡನ ತಲೆಯ ಮೇಲೆ ಹೆಲ್ಮೆಟ್, ಹಿಂದೆ ಕುಳಿತ ಹೆಂಡತಿಯ ತಲೆಯ ಮೇಲೆ ಬರಿಯ ಸೆರಗು. ಆಕೆಯ ತಲೆಗೆ ಬೆಲೆ ಕಡಿಮೆಯೇ?

ಸೆರಗಿನದೂ ಒಂದು ಅಪಾಯ. ಒಂದೇ ಬದಿಗೆ ಕಾಲು ಇಳಿಬಿಟ್ಟು ಕುಳಿತಾಗ ಸೀರೆಯ ಸೆರಗೋ ದುಪಟ್ಟಾವೋ ಹಿಂಗಾಲಿಗೆ ಸಿಕ್ಕಿ ತಾಯಂದಿರು ರಸ್ತೆಗೆ ಬೀಳುವುದನ್ನು ಕಾಣುತ್ತಲೇ ಇದ್ದೇವೆ. ಚಕ್ರಕ್ಕೆ ಜಾಳಿಗೆ ಹಾಕಿಸುವುದು, ಸೆರಗನ್ನು ಸೊಂಟಕ್ಕೆ ಬಿಗಿದು ಕೂಡುವುದು ಸಣ್ಣ ಮಾತುಗಳು, ಆದರೆ ಜೀವ ಉಳಿಸುವ ಮಾತುಗಳು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಬೈಕು ಒಂದು ಸೆಕೆಂಡಿಗೆ 16 ಮೀಟರಿಗೂ ಹೆಚ್ಚು ದೂರ ಓಡುತ್ತದೆ. ಕತ್ತಲಲ್ಲಿ ಟ್ರೈಲರು ಕಣ್ಣಿಗೆ ಬಿದ್ದು, ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ ಸೆಕೆಂಡು ಹಿಡಿದರೆ ಅಷ್ಟರಲ್ಲಿಯೇ 25 ಮೀಟರ್ ಮುಗಿದಿರುತ್ತದೆ. ಆದ್ದರಿಂದ ಹಂಗಾಮಿನ ರಾತ್ರಿಗಳಲ್ಲಿ ಸವಾರರು ವೇಗ ತಗ್ಗಿಸಬೇಕು. ಟ್ರ್ಯಾಕ್ಟರ್ ಇರುವ ರೈತಬಂಧುಗಳು ಟ್ರೈಲರಿನ ಹಿಂದೆ ಕೆಂಪು ದೀಪ ಮತ್ತು ಹೊಳೆಯುವ ಪಟ್ಟಿ ಅಂಟಿಸಬೇಕು. ಒಂದು ಟನ್ ಕಬ್ಬಿನ ಬೆಲೆಯ ಮುಂದೆ ಆ ಪಟ್ಟಿಯ ಬೆಲೆ ಲೆಕ್ಕಕ್ಕೇ ಬಾರದು. ಮೀಸೆ ಮೂಡದ ಮಕ್ಕಳ ಕೈಗೆ ಬೈಕಿನ ಕೀಲಿ ಕೊಡುವ ತಂದೆಯರೂ ತಿಳಿಯಬೇಕು: 2019ರ ತಿದ್ದುಪಡಿಯಂತೆ ಅದಕ್ಕೆ ಪಾಲಕರಿಗೇ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ವಿಧಿಸಬಹುದು.

ಇಷ್ಟೆಲ್ಲ ಎಚ್ಚರದ ನಡುವೆಯೂ ಅಪಘಾತ ಸಂಭವಿಸಿದರೆ ಮೊದಲ ಒಂದು ಗಂಟೆ ಅಮೂಲ್ಯವಾದುದು. 108ಕ್ಕೆ ಅಥವಾ 112ಕ್ಕೆ ಕರೆ ಮಾಡಬೇಕು. ರಕ್ತ ಸುರಿಯುವ ಕಡೆ ಸ್ವಚ್ಛವಾದ ಬಟ್ಟೆಯಿಟ್ಟು ಬಿಡದೆ ಒತ್ತಿ ಹಿಡಿಯಬೇಕು. ಕುತ್ತಿಗೆ ಅಲುಗದಂತೆ ನೋಡಿಕೊಳ್ಳಬೇಕು. ಉಸಿರಾಟಕ್ಕೆ ಅಡ್ಡಿಯಿಲ್ಲದಿದ್ದರೆ ಹೆಲ್ಮೆಟ್ಟನ್ನು ಎಳೆದು ತೆಗೆಯಬಾರದು. ಬಾಯಿಗೆ ನೀರು ಹನಿಸುವುದು ನಮ್ಮಲ್ಲಿ ದಯೆಯ ಲಕ್ಷಣ, ಆದರೆ ಪ್ರಜ್ಞೆ ಮಸುಕಾದವನಿಗೆ ಆ ನೀರು ಶ್ವಾಸನಾಳಕ್ಕಿಳಿದು ಮುಳುವಾಗಬಹುದು. ತಲೆಗೆ ಪೆಟ್ಟಾದವನು ಎದ್ದು ಕುಳಿತು ಮಾತಾಡಿದನೆಂದು ಮನೆಗೆ ಕರೆದೊಯ್ಯಬಾರದು. ತಲೆಬುರುಡೆಯೊಳಗೆ ರಕ್ತ ಮೆಲ್ಲಗೆ ಹೆಪ್ಪುಗಟ್ಟುತ್ತಿದ್ದರೆ ಕೆಲವು ಗಂಟೆಗಳವರೆಗೆ ಗಾಯಾಳು ಸರಿಯಾಗಿಯೇ ಇದ್ದು, ಆಮೇಲೆ ಒಮ್ಮೆಲೇ ಕುಸಿಯುತ್ತಾನೆ. ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು ಕಂಡರೆ ಕ್ಷಣವೂ ತಡಮಾಡದೆ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಒಯ್ಯಬೇಕು.

‘ಮುಟ್ಟಿದರೆ ಸಾಕ್ಷಿ ಹೇಳುತ್ತ ಅಲೆಯಬೇಕಾದೀತು’ ಎಂಬ ಅಂಜಿಕೆಗೆ ಇಂದು ಆಧಾರವಿಲ್ಲ. ಸುಪ್ರೀಂ ಕೋರ್ಟು 2016ರ ಮಾರ್ಚ್‌ನಲ್ಲಿ ನೆರವಿಗೆ ಬಂದವರ ರಕ್ಷಣೆಯ ಮಾರ್ಗಸೂಚಿಗಳಿಗೆ ಕಾನೂನಿನ ಬಲ ನೀಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಕಲಂ ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ಹೆಸರು ಹೇಳಲೇಬೇಕೆಂದಿಲ್ಲ, ಹಣ ಕಟ್ಟಬೇಕೆಂದಿಲ್ಲ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಬೈಕಿನಲ್ಲಿ ಹೊರಟಿದ್ದ ಹರೀಶ್ ಎಂಬ ತರುಣನ ಮೇಲೆ ಲಾರಿ ಹರಿದು ದೇಹ ಎರಡು ತುಂಡಾದದ್ದನ್ನೂ, ಆ ಯಾತನೆಯಲ್ಲಿಯೂ ಆತ ತನ್ನ ಕಣ್ಣುಗಳನ್ನು ದಾನ ಮಾಡಿರೆಂದು ಕೇಳಿಕೊಂಡದ್ದನ್ನೂ ನಾಡು ಮರೆತಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಆತನ ಹೆಸರಿನಲ್ಲಿ ಮುಖ್ಯಮಂತ್ರಿಗಳ ಸಾಂತ್ವನ ಹರೀಶ್ ಯೋಜನೆಯನ್ನು ಆರಂಭಿಸಿ, ಮೊದಲ 48 ಗಂಟೆಗಳ ತುರ್ತು ಚಿಕಿತ್ಸೆಗೆ 25,000 ರೂಪಾಯಿವರೆಗಿನ ವೆಚ್ಚ ಭರಿಸಲು ಮುಂದಾಯಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ತನಕದ ಚಿಕಿತ್ಸೆಗೆ ಅವಕಾಶವಿದೆ. ಆದರೆ ಈ ನೆರವು ಪಡೆಯಲು ಇದು ರಸ್ತೆ ಅಪಘಾತವೆಂಬುದು ದಾಖಲಾಗಬೇಕು. ‘ಮನೆಯಲ್ಲಿ ಬಿದ್ದ’ ಎಂದು ಬರೆಸಿದವರು ಮೊದಲ ದಿನವೇ ಅದನ್ನು ಕಳೆದುಕೊಳ್ಳುತ್ತಾರೆ.

ಇಲ್ಲಿಂದ ಎರಡನೆಯ ಪೆಟ್ಟಿನ ಮಾತು. ಮೊದಲ ದಿನಗಳ ಕಾಗದಗಳೂ ಚಿಕಿತ್ಸೆಯ ಭಾಗವೇ ಎಂದು ನಮ್ಮ ಜನ ತಿಳಿಯಬೇಕು. ಆಸ್ಪತ್ರೆಯಲ್ಲಿ ನಡೆದದ್ದನ್ನು ನಡೆದಂತೆ ಹೇಳಿ, ಕಾನೂನು ಪ್ರಕರಣವೆಂದು ನೋಂದಾಯಿಸಬೇಕು. ಠಾಣೆಯಲ್ಲಿ ದೂರು ಕೊಟ್ಟು ಎಫ್‌ಐಆರ್ ಪ್ರತಿ ಪಡೆಯಬೇಕು. ಅದರ ಪ್ರತಿ ದೂರುದಾರರಿಗೆ ಉಚಿತ. ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಪತ್ರ, ಎಕ್ಸ್‌ರೇ, ಔಷಧದ ರಸೀದಿ, ಆಸ್ಪತ್ರೆಗೆ ಓಡಾಡಿದ ಗಾಡಿ ಬಾಡಿಗೆಯ ಚೀಟಿ ಇವೆಲ್ಲವನ್ನೂ ಒಂದು ಚೀಲದಲ್ಲಿ ಜೋಪಾನ ಮಾಡಬೇಕು. ಸಾಧ್ಯವಾದರೆ ಸ್ಥಳದ ಮತ್ತು ವಾಹನಗಳ ಫೋಟೊ ತೆಗೆದಿರಬೇಕು.

ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಅಡಿ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದು. 2022ರ ಏಪ್ರಿಲ್ 1ರಿಂದ ಇದಕ್ಕೆ ಆರು ತಿಂಗಳ ಗಡುವು ಬಂದಿರುವುದರಿಂದ ಕಾಲು ನೆಟ್ಟಗಾಗಲೆಂದು ಕಾಯುತ್ತ ಕೂಡುವುದು ಒಳ್ಳೆಯದಲ್ಲ. ಅಪಘಾತ ನಡೆದ ಊರಿನಲ್ಲಿಯೇ ದಾವೆ ಹೂಡಬೇಕೆಂದಿಲ್ಲ. ಗೋವಾ, ಪುಣೆ, ಮಂಗಳೂರುಗಳಿಗೆ ದುಡಿಯಲು ಹೋಗಿ ಅಲ್ಲಿ ಗಾಯಗೊಂಡವರು ತಾವು ವಾಸಿಸುವ ಜಿಲ್ಲೆಯ ನ್ಯಾಯಮಂಡಳಿಗೇ ಅರ್ಜಿ ಕೊಡಬಹುದು. 164ನೇ ಕಲಂ ಅಡಿ ತಪ್ಪು ಯಾರದೆಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ದೊರೆಯುತ್ತದೆ. ಆದರೆ ಅದನ್ನು ಒಪ್ಪಿಕೊಂಡು ಪಡೆದರೆ ಹೆಚ್ಚಿನ ಪರಿಹಾರದ ಅರ್ಜಿ ಬಿದ್ದುಹೋಗುವುದರಿಂದ ಸಹಿ ಹಾಕುವ ಮುನ್ನ ವಕೀಲರನ್ನು ಕೇಳಬೇಕು. ಗುದ್ದಿದ ವಾಹನ ಯಾವುದೆಂದು ತಿಳಿಯದಿದ್ದರೂ ದಾರಿ ಮುಚ್ಚಿಲ್ಲ. ಅಂಥ ಪ್ರಕರಣಗಳಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಸರ್ಕಾರಿ ನಿಧಿಯಿಂದ ಸಿಗುತ್ತದೆ. ಇದರ ಅರ್ಜಿಯನ್ನು ಕಂದಾಯ ಇಲಾಖೆಯ ಅಧಿಕಾರಿಗಳಿಗೆ ಕೊಡಬೇಕು.

ಪರಿಹಾರದ ಲೆಕ್ಕವೂ ಕೇವಲ ಎಲುಬಿನ ಲೆಕ್ಕವಲ್ಲ. 2011ರ ರಾಜ್‌ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಮಾನವೀಯ ತತ್ತ್ವವನ್ನು ಸ್ಪಷ್ಟಪಡಿಸಿತು: ವೈದ್ಯರು ಹೇಳುವ ಅಂಗವೈಕಲ್ಯದ ಪ್ರಮಾಣ ಒಂದು, ಅದರಿಂದ ಆ ಮನುಷ್ಯನ ದುಡಿಮೆಗೆ ಆದ ನಷ್ಟದ ಪ್ರಮಾಣ ಇನ್ನೊಂದು. ಕೈ ಕಳೆದುಕೊಂಡ ಗುಮಾಸ್ತ ನೌಕರಿಯಲ್ಲಿ ಮುಂದುವರಿಯಬಹುದು, ಬಡಿಗನ ದುಡಿಮೆಯಾದರೋ ಅಲ್ಲಿಗೇ ಮುಗಿಯಬಹುದು. ಮಗ್ಗ ತುಳಿಯುವ ಕಾಲಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಕಾಯಕವನ್ನು ತೂಕಕ್ಕಿಟ್ಟು ನೋಡುವ ಈ ದೃಷ್ಟಿ ನಮಗೆ ಹೊಸದಲ್ಲ. 2021ರ ಕೀರ್ತಿ ಪ್ರಕರಣದಲ್ಲಿ ಗೃಹಿಣಿಯ ಮನೆಗೆಲಸಕ್ಕೂ ಆರ್ಥಿಕ ಮೌಲ್ಯವಿದೆಯೆಂದು ಅದೇ ನ್ಯಾಯಾಲಯ ಹೇಳಿದೆ. ‘ಮೂವರು ಕೂತಿದ್ದೆವು, ನಮ್ಮದೇ ತಪ್ಪು’ ಎಂದು ಹಿಂಜರಿಯುವವರೂ ಉಂಟು. ಮೂವರು ಕುಳಿತದ್ದು ಅಪರಾಧವಾದರೂ, ಅದೇ ಅಪಘಾತಕ್ಕೆ ಕಾರಣವೆಂದು ತೋರದ ಹೊರತು ಆ ನೆಪದಿಂದಲೇ ಪರಿಹಾರ ಕಡಿತಗೊಳಿಸಲಾಗದೆಂದು 2020ರ ಮೊಹಮ್ಮದ್ ಸಿದ್ದಿಕ್ ಪ್ರಕರಣದಲ್ಲಿ ತೀರ್ಪಾಗಿದೆ.

ವಿಮೆಯ ಕುರಿತು ಒಂದು ಕಹಿ ಸತ್ಯವನ್ನೂ ತಿಳಿಸಬೇಕು. ಬಹಳ ಜನ ಕಡ್ಡಾಯವಾದ ಥರ್ಡ್ ಪಾರ್ಟಿ ವಿಮೆಯನ್ನಷ್ಟೇ ಮಾಡಿಸುತ್ತಾರೆ. ಅದು ನಮ್ಮ ವಾಹನದಿಂದ ಇತರರಿಗಾದ ಹಾನಿಗೆ ಮಾತ್ರ. ತಾನೇ ಜಾರಿ ಬಿದ್ದ ಸವಾರನಿಗೆ ಅದರಿಂದ ಪರಿಹಾರವಿಲ್ಲ. ಹಿಂದೆ ಕುಳಿತ ಹೆಂಡತಿಗೋ ತಾಯಿಗೋ ಸವಾರನ ತಪ್ಪಿನಿಂದಲೇ ಗಾಯವಾದರೆ ಬರಿಯ ಥರ್ಡ್ ಪಾರ್ಟಿ ವಿಮೆ ಅವರನ್ನೂ ಕಾಯುವುದಿಲ್ಲ. 2006ರ ತಿಲಕ್ ಸಿಂಗ್ ಪ್ರಕರಣದಿಂದ ಇದು ಸ್ಥಿರವಾಗಿದೆ. ಪೂರ್ಣ ಪ್ಯಾಕೇಜ್ ವಿಮೆಯಿದ್ದರೆ ಹಿಂಬದಿ ಸವಾರರಿಗೂ ರಕ್ಷಣೆ ಉಂಟು. ವಾಹನದ ಮಾಲೀಕ ಸವಾರನಿಗೆ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಯೂ ಇದೆ. ಅದಕ್ಕೆ ಚಾಲ್ತಿಯಲ್ಲಿರುವ ಲೈಸೆನ್ಸ್ ಬೇಕು. ಜಾತ್ರೆಗೆ ಹೊಸ ಬಟ್ಟೆ ಕೊಳ್ಳುವ ಮುನ್ನ ಪ್ರತಿ ಮನೆಯವರೂ ತಮ್ಮ ವಿಮೆಯ ಪತ್ರವನ್ನು ಒಮ್ಮೆ ಬಿಚ್ಚಿ ಓದಲಿ, ಓದಲಾಗದಿದ್ದರೆ ಓದಬಲ್ಲವರಿಂದ ಓದಿಸಲಿ.

ವಕೀಲರಿಗೆ ಕೊಡಲು ಹಣವೆಲ್ಲಿ ಎಂಬ ಪ್ರಶ್ನೆ ಸಹಜ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಕೈಗಾರಿಕಾ ಕಾರ್ಮಿಕರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ದೊರೆಯುತ್ತದೆ. ಉಳಿದವರಿಗೆ ನಿಗದಿತ ಆದಾಯ ಮಿತಿಯೊಳಗೆ ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮತ್ತು ತಾಲ್ಲೂಕು ಸಮಿತಿಗಳು ನ್ಯಾಯಾಲಯದ ಆವರಣದಲ್ಲಿಯೇ ಇರುತ್ತವೆ. 15100 ಸಂಖ್ಯೆಗೆ ಕರೆ ಮಾಡಿಯೂ ಕೇಳಬಹುದು. ಇದನ್ನರಿಯದ ಬಡವರು ಆಸ್ಪತ್ರೆಯ ಬಾಗಿಲಲ್ಲಿ ಕಾದಿರುವ ದಲ್ಲಾಳಿಗಳ ಕೈಗೆ ಬೀಳುತ್ತಾರೆ. ಬಂದ ಪರಿಹಾರದಲ್ಲಿ ಇಂತಿಷ್ಟು ಪಾಲೆಂದು ವಕೀಲರು ಒಪ್ಪಂದ ಮಾಡಿಕೊಳ್ಳುವುದನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ಇನ್ನು ಕೆಲವರು ‘ವಿಮೆಯಿರುವ ಬೇರೆ ಗಾಡಿ ತೋರಿಸೋಣ, ಲೈಸೆನ್ಸ್ ಇರುವ ಬೇರೆಯವನನ್ನು ಚಾಲಕನೆನ್ನೋಣ’ ಎಂದು ಆಮಿಷ ಒಡ್ಡುತ್ತಾರೆ. ಸುಳ್ಳಿನ ಮೇಲೆ ಕಟ್ಟಿದ ಅರ್ಜಿ ಬಿದ್ದರೆ ಪರಿಹಾರವೂ ಹೋಗಿ, ಗಾಯಾಳುವೇ ಆರೋಪಿಯಾಗುತ್ತಾನೆ. ಮೇಲಾಗಿ ನಿಜವಾದ ನೊಂದವರನ್ನೂ ಸಂಶಯದಿಂದ ನೋಡುವಂತಾಗುತ್ತದೆ.

ಊರ ಹಿರಿಯರ ಮಾತಿಗೆ ಈಗ ಬರೋಣ. ಜಗಳ ಬೆಳೆಸದೆ ಸಾಮರಸ್ಯದಿಂದ ಬಾಳಬೇಕೆಂಬ ಅವರ ಆಶಯ ದೊಡ್ಡದು. ಬದುವಿನ ವ್ಯಾಜ್ಯ, ಅಣ್ಣತಮ್ಮಂದಿರ ಪಾಲು ಇಂಥವನ್ನು ಕಟ್ಟೆಯ ಮೇಲೆ ಬಗೆಹರಿಸಿದ ಪರಂಪರೆ ನಮ್ಮದು, ಮಠಗಳ ಅಂಗಳದಲ್ಲೂ ಅದು ನಡೆದು ಬಂದಿದೆ. ಆದರೆ ಗಾಯದ ಆಳ ವೈದ್ಯರಿಗೇ ತಿಳಿಯದ ಮರುದಿನವೇ ಅದಕ್ಕೆ ಬೆಲೆ ಕಟ್ಟಲು ನಾವಾರು? ಅಲ್ಲದೆ ಪರಿಹಾರ ಕೇಳುವುದೆಂದರೆ ನೆರೆಯವನ ಹೊಲ ಮಾರಿಸುವುದೆಂದು ತಿಳಿಯಬೇಕಾಗಿಲ್ಲ. ಆತನ ವಾಹನಕ್ಕೆ ವಿಮೆ ಚಾಲ್ತಿಯಲ್ಲಿದ್ದು, ಲೈಸೆನ್ಸ್ ಸರಿಯಾಗಿದ್ದರೆ ಹಣ ಕೊಡುವುದು ವಿಮಾ ಕಂಪನಿ. ಆ ದಿನಕ್ಕಾಗಿಯೇ ಆತ ವರ್ಷವರ್ಷವೂ ಕಂತು ಕಟ್ಟಿದ್ದಾನೆ. ಠಾಣೆಯ ಪ್ರಕರಣವನ್ನು ಆತ ಎದುರಿಸಬೇಕಾಗುತ್ತದೆ, ಅದು ನಿಜ. ಆದರೆ ಅದರಿಂದ ತಪ್ಪಿಸಲೆಂದು ಗಾಯಾಳುವಿನ ಇಡೀ ಜೀವಮಾನದ ಅನ್ನವನ್ನು ಇಪ್ಪತ್ತು ಸಾವಿರಕ್ಕೆ ಬಿಟ್ಟುಕೊಡಿಸುವುದು ದಯೆಯಲ್ಲ. ರಾಜಿ ಆಗಲೇಬೇಕೆಂದರೆ ಅದಕ್ಕೂ ಯೋಗ್ಯ ಸ್ಥಳವಿದೆ. ಲೋಕ ಅದಾಲತ್ತಿನಲ್ಲಿ ಚಿಕಿತ್ಸೆಯ ದಾಖಲೆಗಳನ್ನು ಮುಂದಿಟ್ಟುಕೊಂಡು, ವಕೀಲರ ಸಮ್ಮುಖದಲ್ಲಿ ಮಾಡಿಕೊಳ್ಳುವ ರಾಜಿ ನ್ಯಾಯಾಲಯದ ತೀರ್ಪಿನಷ್ಟೇ ಗಟ್ಟಿ.

ಆದುದರಿಂದ ಹಿರಿಯರಲ್ಲಿಯೂ ನಮ್ಮಂಥ ಮಠಗಳಲ್ಲಿಯೂ ಒಂದು ಬಿನ್ನಹ. ಅಪಘಾತದ ರಾಜಿಗೆಂದು ಯಾರಾದರೂ ಬಂದರೆ ಮೊದಲು ಮೂರು ಪ್ರಶ್ನೆ ಕೇಳೋಣ: ದೂರು ದಾಖಲಾಯಿತೇ? ವೈದ್ಯರು ಕೊನೆಯ ಮಾತು ಹೇಳಿದರೇ? ವಕೀಲರನ್ನು ಕಂಡಿರೇ? ಈ ಮೂರಕ್ಕೂ ಹೌದೆಂಬ ಉತ್ತರ ಬರುವವರೆಗೆ ಹಣದ ಮಾತನ್ನೇ ಎತ್ತದಿರೋಣ. ಜಾತ್ರೆಯ ದಿನಗಳಲ್ಲಿ ಪ್ರಸಾದದ ವ್ಯವಸ್ಥೆ ಮಾಡುವಂತೆ ಕಾನೂನು ಸೇವಾ ಸಮಿತಿಯವರಿಗೂ ಒಂದು ಪೆಂಡಾಲು ಹಾಕಿಕೊಡೋಣ. ತಿಳಿವಳಿಕೆಯ ದಾಸೋಹವೂ ದಾಸೋಹವೇ. ಮಠಕ್ಕೆ ಬೈಕಿನಲ್ಲಿ ಬರುವ ದಂಪತಿಗಳನ್ನು ಕಂಡಾಗ ಕ್ಷೇಮ ವಿಚಾರಿಸುವ ಜೊತೆಗೆ, ‘ತಂಗಿಯ ಹೆಲ್ಮೆಟ್ ಎಲ್ಲಿ ಅಪ್ಪಾ?’ ಎಂದೂ ಕೇಳೋಣ.

ಮುಂದಿನ ಕಬ್ಬಿನ ಹಂಗಾಮು ದೂರವಿಲ್ಲ. ಅದು ಬರುವ ಮೊದಲೇ ಕುಳಗೇರಿ ಕ್ರಾಸಿನ ಸುತ್ತಲಿನ ಊರುಗಳಲ್ಲಿ ಟ್ರೈಲರುಗಳಿಗೆ ಹೊಳೆಯುವ ಪಟ್ಟಿ ಅಂಟಿಸುವ ಕೆಲಸಕ್ಕೆ ತರುಣ ಭಕ್ತರು ಮುಂದಾಗಲೆಂದು ಆಶಿಸುತ್ತೇವೆ. ಕೋಲೂರಿ ನಡೆಯುವ ಆ ನೇಕಾರ ತರುಣನಿಗೆ ಕಳೆದುಹೋದದ್ದನ್ನು ನಾವು ಮರಳಿ ಕೊಡಲಾರೆವು. ಅವನಂಥ ಇನ್ನೊಬ್ಬನ ಕಾಲು ಮಗ್ಗದಿಂದ ದೂರವಾಗದಂತೆ, ದೂರವಾದರೂ ಅವನ ಒಲೆ ಆರದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.